ಪೈಥಾನ್ ಕೋಡ್ ಬರೆದಿರಾ? ಬೇರೆಯವರಿಗಿಂತ ಮೊದಲು ನೀವೇ ಒಡೆದು ನೋಡಿ

ನಮ್ಮೂರು ತಿಪಟೂರು ಕಡೆ. ಊರಿನ ಹಾಲಿನ ಡೈರಿಗೆಂದು ಪೈಥಾನ್‌ನಲ್ಲಿ ಒಂದು ಸಣ್ಣ ವೆಬ್‌ಸೈಟ್ ಬರೆದುಕೊಟ್ಟಿದ್ದೆ. ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಈ ವಾರದ ಬಟವಾಡೆ ಎಷ್ಟು ಅನ್ನುವುದನ್ನು ಸದಸ್ಯರು ಫೋನಿನಲ್ಲೇ ನೋಡಿಕೊಳ್ಳಲಿ ಅಂತ. ಒಂದು ಭಾನುವಾರ ಪಿಯುಸಿ ಓದುತ್ತಿದ್ದ ಚಿಕ್ಕಪ್ಪನ ಮಗಳು ಬಂದು, "ಅಕ್ಕ, ಮೇಲೆ ಅಡ್ರೆಸ್ಸಲ್ಲಿ 217 ಇರೋದನ್ನ 218 ಮಾಡಿದ್ರೆ ಪಕ್ಕದ ಮನೆಯವರದ್ದು ಬರುತ್ತೆ ನೋಡು" ಅಂದಳು. ಅವರ ಹಾಲಿನ ಲೆಕ್ಕವಷ್ಟೇ ಅಲ್ಲ, ಪಶು ಆಹಾರದ ಸಾಲಕ್ಕೆ ಹಿಡಿದುಕೊಂಡ ದುಡ್ಡೂ ಅಲ್ಲಿ ಕಾಣುತ್ತಿತ್ತು. ಅವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಅವತ್ತು ರಾತ್ರಿಯೇ ಸೈಟ್ ನಿಲ್ಲಿಸಿದೆ.

ಸುರಕ್ಷಿತ ಕೋಡ್ ಬರೆಯುವುದನ್ನು ನಾನು ಕಲಿತದ್ದು ಆಮೇಲೆ, ಓದಿ ಅಲ್ಲ, ಒಡೆದು. ಈಗ ಆಫೀಸಿಗೆ ಹೊಸದಾಗಿ ಸೇರುವವರಿಗೂ ಹಾಗೇ ಹೇಳಿಕೊಡುತ್ತೇನೆ. ಒಂದು ತಪ್ಪನ್ನು ಬೇಕೆಂದೇ ಬರೆಯಿರಿ. ಅದನ್ನು ನಿಮ್ಮ ಕೈಯಾರೆ ಮುರಿಯಿರಿ. ಸರಿ ಮಾಡಿ. ಮುರಿಯಲು ಮಾಡಿದ ಅದೇ ಪ್ರಯತ್ನವನ್ನು ಟೆಸ್ಟ್ ಆಗಿ ಉಳಿಸಿಕೊಳ್ಳಿ. ಇದೆಲ್ಲ ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಕೋಡಿನ ಮೇಲೆ ಮಾತ್ರ. ಬೇರೆಯವರ ಸೈಟಿನ ಮೇಲೆ ಅನುಮತಿಯಿಲ್ಲದೆ ಹೀಗೆ ಮಾಡಿದರೆ ಐಟಿ ಕಾಯ್ದೆ 2000ರ ಪ್ರಕಾರ ಅಪರಾಧವಾಗಬಹುದು.

ಡೇಟಾಬೇಸಿನಿಂದ ಶುರು ಮಾಡಿ. ಪೈಥಾನ್ ಜೊತೆಗೇ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬರುತ್ತದೆ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸದಸ್ಯ ಸಂಖ್ಯೆ, ಹೆಸರು, ಬಟವಾಡೆ ಇರುವ ಒಂದು ಟೇಬಲ್ ಮಾಡಿ, ನಾಲ್ಕು ಸಾಲು ತುಂಬಿ. ಈಗ ಬಳಕೆದಾರ ಕೊಟ್ಟ ಸಂಖ್ಯೆಯನ್ನು ಎಫ್-ಸ್ಟ್ರಿಂಗ್ (ವಾಕ್ಯದ ನಡುವೆ ವೇರಿಯಬಲ್ ತುಂಬುವ ಪೈಥಾನ್ ವಿಧಾನ) ಮೂಲಕ ನೇರವಾಗಿ ಕ್ವೆರಿಯ, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಯ ಒಳಗೆ, ಎರಡು ಕೋಟ್‌ಗಳ ನಡುವೆ ಕೂರಿಸಿ. 217 ಕೊಟ್ಟರೆ ಒಂದು ಸಾಲು ಬರುತ್ತದೆ. ಆಮೇಲೆ ಸಂಖ್ಯೆಯ ಬದಲು ಒಂದು ಒಂಟಿ ಕೋಟ್, ಎಸ್‌ಕ್ಯೂಎಲ್‌ನಲ್ಲಿ 'ಅಥವಾ' ಎಂಬ ಅರ್ಥದ ಪದ, 1=1, ಕೊನೆಗೆ ಉಳಿದದ್ದನ್ನು ಕಾಮೆಂಟ್ ಮಾಡಿಬಿಡುವ ಎರಡು ಅಡ್ಡಗೆರೆ ಕೊಡಿ. ಇಡೀ ಊರಿನ ಲೆಕ್ಕ ಪರದೆಯ ಮೇಲೆ ಬರುತ್ತದೆ. ಬಳಕೆದಾರ ಕೊಟ್ಟದ್ದು ಮಾಹಿತಿ. ಅದನ್ನು ಆಜ್ಞೆಯಾಗಿಸಿದ್ದು ನಮ್ಮ ಎಫ್-ಸ್ಟ್ರಿಂಗ್.

ಇಲ್ಲಿ ಹೊಸಬರು ಸಾಮಾನ್ಯವಾಗಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಎಲ್ಲರೂ ಕೇಳಿರುವ, ಟೇಬಲ್ಲನ್ನೇ ಅಳಿಸಿಹಾಕುವ ಆಜ್ಞೆಯನ್ನು ಸೆಮಿಕೋಲನ್ ಹಾಕಿ ಸೇರಿಸಿ ನೋಡುತ್ತಾರೆ. ಪೈಥಾನ್ ಎರರ್ ಕೊಡುತ್ತದೆ. ಎಸ್‌ಕ್ಯೂಲೈಟ್ ಮಾಡ್ಯೂಲಿನ ಎಕ್ಸಿಕ್ಯೂಟ್ ಒಂದು ಸಲಕ್ಕೆ ಒಂದೇ ಆಜ್ಞೆ ನಡೆಸುವುದರಿಂದ ಹಾಗಾಗುತ್ತದೆ, ಅಷ್ಟೇ. ಕೋಡ್ ಸುರಕ್ಷಿತವಾಗಿದೆ ಎಂದು ಅದರ ಅರ್ಥವಲ್ಲ. 1=1 ಇನ್ನೂ ನಡೆಯುತ್ತಲೇ ಇರುತ್ತದೆ.

ಸರಿಯಾದ ದಾರಿ: ಕ್ವೆರಿಯಲ್ಲಿ ಬೆಲೆ (ವ್ಯಾಲ್ಯೂ) ಬರಬೇಕಾದ ಜಾಗಕ್ಕೆ ಕೋಟ್ ಇಲ್ಲದೆ ಒಂದು ? ಬಿಟ್ಟು, ಬೆಲೆಯನ್ನು ಎಕ್ಸಿಕ್ಯೂಟ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಟ್ಯೂಪಲ್‌ನಲ್ಲಿ ಕೊಡಬೇಕು. ಕ್ವೆರಿ ಒಂದು ದಾರಿಯಲ್ಲಿ ಹೋಗುತ್ತದೆ, ಮಾಹಿತಿ ಇನ್ನೊಂದು ದಾರಿಯಲ್ಲಿ. ಒಂದೇ ಬೆಲೆಯ ಟ್ಯೂಪಲ್ ಆದರೆ ಆವರಣದೊಳಗೆ ಆ ಬೆಲೆಯ ನಂತರ ಅಲ್ಪವಿರಾಮ ಬೇಕೇ ಬೇಕು. ಮರೆತು "217" ಅನ್ನು ಬರೀ ಆವರಣದೊಳಗೆ ಇಟ್ಟರೆ ಅದು ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ. ಎಸ್‌ಕ್ಯೂಲೈಟ್ ಅದರ ಮೂರು ಅಕ್ಷರಗಳನ್ನು ಮೂರು ಬೆಲೆಗಳೆಂದು ಎಣಿಸಿ, ಒಂದು ಬೇಕಿತ್ತು ಮೂರು ಬಂದಿವೆ ಎಂದು ಎರರ್ ಕೊಡುತ್ತದೆ. ಇದು ಅರ್ಥವಾಗದೆ ಎಷ್ಟೋ ಜನ ಬೇಸತ್ತು ಮತ್ತೆ ಎಫ್-ಸ್ಟ್ರಿಂಗಿಗೇ ಹೋಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹೋಗಬೇಡಿ, ಒಂದು ಅಲ್ಪವಿರಾಮ ಹಾಕಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಹೋದಾಗ ? ಬದಲು ಪರ್ಸೆಂಟ್-ಎಸ್ ಗುರುತು ಬರುತ್ತದೆ. ಅಲ್ಲಿ ಕ್ವೆರಿಯ ನಂತರ ಅಲ್ಪವಿರಾಮ ಹಾಕಿದರೆ ಕ್ಷೇಮ, % ಹಾಕಿದರೆ ಅದು ಹಳೆಯ ಸ್ಟ್ರಿಂಗ್ ಜೋಡಣೆಯೇ. ಟೇಬಲ್ ಮತ್ತು ಕಾಲಂ ಹೆಸರುಗಳಿಗೆ ಈ ವಿಧಾನ ನಡೆಯುವುದಿಲ್ಲ. ಬಳಕೆದಾರ ಯಾವ ಕಾಲಂ ಮೇಲೆ ವಿಂಗಡಿಸಬೇಕೆಂದು ಕೇಳಿದರೆ, ನೀವೇ ಬರೆದಿಟ್ಟ ಪಟ್ಟಿಯಿಂದ ಹೆಸರು ಆರಿಸಿ.

ಇನ್ನು ಕನ್ನಡದಲ್ಲಿ ಇನ್‌ಪುಟ್ ತೆಗೆದುಕೊಳ್ಳುವ ನಾವು ವಿಶೇಷವಾಗಿ ಗಮನಿಸಬೇಕಾದ ವಿಷಯ. ಪೈಥಾನ್ 3ರಲ್ಲಿ "೨೧೭" ಕೂಡ ಅಂಕಿಯೇ. ಈಸ್-ಡಿಜಿಟ್ ಹೌದು ಎನ್ನುತ್ತದೆ, ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಅಂಕಿ ಗುರುತಿಗೂ ಅದು ಹೊಂದುತ್ತದೆ, ಇಂಟ್ ಮಾಡಿದರೆ 217 ಸಿಗುತ್ತದೆ. ನನಗೆ ಇದು ಇಷ್ಟ. ನಮ್ಮಪ್ಪನ ವಯಸ್ಸಿನವರು ಕನ್ನಡ ಅಂಕಿಯಲ್ಲೇ ಬರೆಯಲಿ. ಆದರೆ ಯೋಚಿಸಿ: ಒಟಿಪಿ ತಪ್ಪಾದಾಗ ಐದೇ ಸಲ ಅವಕಾಶ ಎಂದು ಫೋನ್ ನಂಬರಿನ ಸ್ಟ್ರಿಂಗ್ ಇಟ್ಟುಕೊಂಡು ಎಣಿಸುತ್ತಿದ್ದೀರಿ. ಅದೇ ನಂಬರಿನ ಒಂದು ಅಂಕಿಯನ್ನು ಕನ್ನಡಕ್ಕೆ ಬದಲಿಸಿದರೆ ನಿಮ್ಮ ಎಣಿಕೆಗೆ ಅದು ಹೊಸ ನಂಬರ್. ಎರಡು ಲಿಪಿ ಬೆರೆಸಿದರೇ 10 ಅಂಕಿಯ ಒಂದು ನಂಬರನ್ನು 1,024 ಬಗೆಯಲ್ಲಿ ಬರೆಯಬಹುದು, ಪ್ರತಿಯೊಂದಕ್ಕೂ ಮತ್ತೆ ಐದು ಅವಕಾಶ. ಹೆಸರುಗಳಲ್ಲೂ ಹೀಗೇ. "ರಮೇಶ್" ಕೊನೆಯಲ್ಲಿ, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಅಕ್ಷರ ಇದ್ದರೂ ಇಲ್ಲದಿದ್ದರೂ ನೋಡಲು ಒಂದೇ, ಪೈಥಾನ್‌ಗೆ ಮಾತ್ರ ಬೇರೆ ಬೇರೆ. ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ಯೂನಿಕೋಡ್‌ಡೇಟಾದ ನಾರ್ಮಲೈಸ್ ಕೂಡ ತೆಗೆಯುವುದಿಲ್ಲ. ಬಳಕೆದಾರರ ಹೆಸರಿನ ತುದಿಯಲ್ಲಿರುವುದನ್ನು ನೀವೇ ತೆಗೆಯಬೇಕು. ಹಾಗೆಂದು ಪದದ ನಡುವೆ ಇರುವುದನ್ನೆಲ್ಲ ತೆಗೆದರೆ ಕನ್ನಡವೇ ಕೆಡುತ್ತದೆ. ಕ್ರಮ ಇಷ್ಟು: ಬಂದದ್ದನ್ನು ಮೊದಲು ಒಂದೇ ರೂಪಕ್ಕೆ ತನ್ನಿ, ಆಮೇಲೆ ಪರೀಕ್ಷಿಸಿ, ಅಲ್ಲಿಂದ ಮುಂದೆ ಎಲ್ಲೆಡೆ ಆ ರೂಪವನ್ನೇ ಬಳಸಿ.

ಈಗ 217 ಮತ್ತು 218ಕ್ಕೆ ಬರೋಣ. ನನ್ನ ಆ ಪುಟದ ಕ್ವೆರಿಯಲ್ಲಿ ? ಸರಿಯಾಗಿಯೇ ಇತ್ತು. ಲಾಗಿನ್ ಕೂಡ ಇತ್ತು. ಲಾಗಿನ್ ಆದವರು ಯಾರು ಎಂದು ಕೇಳಿದ್ದೆ, ಈ ಲೆಕ್ಕ ಅವರದ್ದೇನಾ ಎಂದು ಕೇಳಿರಲಿಲ್ಲ. ವೆಬ್ ಸುರಕ್ಷತೆಯ ಸಂಸ್ಥೆಯಾದ ಓವಾಸ್ಪ್‌ನ 2021ರ ಟಾಪ್ 10 ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವುದು ಇದೇ ಬಗೆಯ ಲೋಪ. ಕೋಡ್ ನೋಡಿ ತಪ್ಪು ಹುಡುಕುವ ಸಾಧನಗಳಿಗೆ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಯಾರ ಲೆಕ್ಕ ಯಾರು ನೋಡಬಹುದು ಅನ್ನುವುದು ಊರಿಗೆ ಗೊತ್ತಿರುವ ವಿಷಯ, ಸಾಧನಕ್ಕೆ ಗೊತ್ತಿಲ್ಲ. ಸದಸ್ಯ ಸಂಖ್ಯೆಯನ್ನು ಅಡ್ರೆಸ್ಸಿನಿಂದ ತೆಗೆದುಕೊಳ್ಳಬೇಡಿ, ಲಾಗಿನ್ ಆದವರು ಯಾರೆಂದು ಸರ್ವರ್ ನೆನಪಿಟ್ಟುಕೊಂಡಿರುವ ಸೆಷನ್ನಿನಿಂದ ತೆಗೆದುಕೊಳ್ಳಿ. ಕಾರ್ಯದರ್ಶಿಯಂತೆ ಎಲ್ಲರದ್ದನ್ನೂ ನೋಡಬೇಕಾದವರಿಗೆ ಬೇರೆ ಪುಟ, ಬೇರೆ ತಪಾಸಣೆ ಇರಲಿ. ಆ ತಪಾಸಣೆಯನ್ನು ಅಸರ್ಟ್‌ನಲ್ಲಿ ಬರೆಯಬೇಡಿ. ಪೈಥಾನ್ ಅನ್ನು ಆಪ್ಟಿಮೈಸ್ ಆಯ್ಕೆಯೊಂದಿಗೆ ಓಡಿಸಿದರೆ ಅಸರ್ಟ್ ಸಾಲುಗಳು ಇಲ್ಲವೇ ಇಲ್ಲವಾಗುತ್ತವೆ. ಬದಲಿಗೆ ಇಫ್ ಹಾಕಿ ನಿರಾಕರಿಸಿ. ಟೆಸ್ಟ್ ಒಂದು: 217 ಆಗಿ ಲಾಗಿನ್ ಆಗು, 218ರ ಬಟವಾಡೆ ಕೇಳು, 404 (ಪುಟ ಸಿಗಲಿಲ್ಲ) ಬರಬೇಕು. ಹೊಸ ಪುಟ ಸೇರಿಸಿದಾಗಲೆಲ್ಲ ಈ ಟೆಸ್ಟನ್ನು ಮೊದಲು ಬರೆಯುತ್ತೇನೆ, ಪುಟವನ್ನು ಆಮೇಲೆ.

ಮಾಹಿತಿ ಆಜ್ಞೆಯಾಗುವ ಜಾಗಗಳು ಪೈಥಾನ್‌ನಲ್ಲಿ ಇನ್ನೂ ಇವೆ. ಸ್ಟ್ರಿಂಗನ್ನು ಕೋಡ್ ಆಗಿ ನಡೆಸುವ ಇವ್ಯಾಲ್‌ಗೆ ಬಳಕೆದಾರರ ಇನ್‌ಪುಟ್ ಕೊಡಲೇಬೇಡಿ. ಬೇರೆ ಪ್ರೋಗ್ರಾಂ ನಡೆಸುವ ಸಬ್‌ಪ್ರೊಸೆಸ್‌ಗೆ ಆಜ್ಞೆಯನ್ನು ಲಿಸ್ಟ್ ಆಗಿ ಕೊಡಿ, ಶೆಲ್ ಆಯ್ಕೆಯನ್ನು ಟ್ರೂ ಮಾಡಬೇಡಿ. ಹೊರಗಿನಿಂದ ಬಂದ ಪಿಕಲ್ (ಪೈಥಾನ್ ಡೇಟಾ ಉಳಿಸಿಡುವ) ಫೈಲ್ ತೆರೆಯುವುದೆಂದರೆ ಕಳಿಸಿದವರ ಕೋಡನ್ನು ನಿಮ್ಮ ಯಂತ್ರದಲ್ಲಿ ನಡೆಸಿದಂತೆಯೇ. ಜೇಸನ್ ಸಾಕಾಗುವ ಕಡೆ ಜೇಸನ್ ಬಳಸಿ. ಯಾಮಲ್ ಬೇಕೆಂದರೆ ಸೇಫ್-ಲೋಡ್. ಫೈಲ್ ಹೆಸರು ಬಳಕೆದಾರರಿಂದ ಬಂದರೆ ಎಚ್ಚರ: ಓಎಸ್-ಪಾತ್-ಜಾಯಿನ್‌ಗೆ ಕೊಟ್ಟ ಎರಡನೆಯ ಭಾಗ / ಇಂದ ಶುರುವಾದರೆ ಮೊದಲ ಭಾಗವನ್ನು ಅದು ಬಿಟ್ಟೇಬಿಡುತ್ತದೆ. ಪಾತ್‌ಲಿಬ್‌ನಲ್ಲಿ ರಿಸಾಲ್ವ್ ಮಾಡಿ, ನಿಮ್ಮ ಫೋಲ್ಡರಿನ ಒಳಗೇ ಇದೆಯೇ ಎಂದು ನೋಡಿ ಆಮೇಲೆ ತೆರೆಯಿರಿ.

ಒಟಿಪಿ, ಟೋಕನ್‌ಗಳಿಗೆ ರ‍್ಯಾಂಡಮ್ ಮಾಡ್ಯೂಲ್ ಬೇಡ. ಅದರ ಒಳಗಿರುವುದು ಮರ್ಸೆನ್ ಟ್ವಿಸ್ಟರ್ ಎಂಬ ಲೆಕ್ಕದ ಸೂತ್ರ. ಅದರಿಂದ ಸತತವಾಗಿ ಹೊರಬಂದ 624 ಸಂಖ್ಯೆಗಳು, ಒಂದೊಂದೂ 32 ಬಿಟ್‌ನದು, ಸಿಕ್ಕರೆ ಮುಂದಿನದೆಲ್ಲವನ್ನೂ ಲೆಕ್ಕ ಹಾಕಬಹುದು. ಪೈಥಾನ್ 3.6ರಿಂದ ಸೀಕ್ರೆಟ್ಸ್ ಮಾಡ್ಯೂಲ್ ಇದೆ, ಅದನ್ನು ಬಳಸಿ. ಪಾಸ್‌ವರ್ಡ್‌ಗಳನ್ನು ಆರ್ಗಾನ್2ನಂಥ, ಬೇಕೆಂದೇ ನಿಧಾನವಾಗಿರುವ ಹ್ಯಾಶ್‌ನಲ್ಲಿ ಇಡಿ. ಬರೀ ಎಸ್‌ಎಚ್‌ಎ-256 ತೀರಾ ವೇಗ. ಕದ್ದವರಿಗೂ ಆ ವೇಗ ಒದಗುತ್ತದೆ.

ಪ್ಯಾಕೇಜ್ ಹಾಕುವಾಗ ಹೆಸರನ್ನು ಅಕ್ಷರ ಅಕ್ಷರ ಓದಿ. 2019ರಲ್ಲಿ, ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐಯಲ್ಲಿ ಜೆಲ್ಲಿಫಿಶ್ ಎಂಬ ಪ್ಯಾಕೇಜಿನ ನಕಲೊಂದು ಸಿಕ್ಕಿತ್ತು. ಎರಡು ಎಲ್‌ಗಳಲ್ಲಿ ಒಂದರ ಬದಲು ದೊಡ್ಡ ಐ ಹಾಕಿದ್ದರು. ಅದು ಸರ್ವರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಗಳನ್ನು ಕದಿಯುತ್ತಿತ್ತು. ವಾರಕ್ಕೊಮ್ಮೆ ಪಿಪ್-ಆಡಿಟ್ ಓಡಿಸಿದರೆ ನೀವು ಬಳಸುವ ಪ್ಯಾಕೇಜುಗಳಲ್ಲಿ ಈಗಾಗಲೇ ಗೊತ್ತಾಗಿರುವ ಲೋಪಗಳು ಕಾಣುತ್ತವೆ. ನಿಮ್ಮದೇ ಕೋಡಿಗೆ ಬ್ಯಾಂಡಿಟ್ ಓಡಿಸಿ. ಎಫ್-ಸ್ಟ್ರಿಂಗಿನ ಕ್ವೆರಿ, ಪಿಕಲ್, ಶೆಲ್ ಟ್ರೂ ಎಲ್ಲವನ್ನೂ ಅದು ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ. ಮೊದಲ ಸಲ ಬರುವ ಪಟ್ಟಿ ಉದ್ದವಿರುತ್ತದೆ. ಒಂದೊಂದನ್ನೂ ಓದಿ, ಏಕೆ ತಪ್ಪು ಎಂದು ಅರ್ಥವಾಗುವವರೆಗೆ ಸುಮ್ಮನೆ ಮುಚ್ಚಿಹಾಕಬೇಡಿ.

ಡೇಟಾಬೇಸ್ ಪಾಸ್‌ವರ್ಡ್ ಕೋಡಿನಲ್ಲಿ ಬರೆದು ಗಿಟ್‌ಗೆ ಕಳಿಸಿಬಿಟ್ಟಿದ್ದೀರಾ? ಆ ಸಾಲು ಅಳಿಸಿ ಮತ್ತೆ ಕಮಿಟ್ ಮಾಡಿದರೆ ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ. ಹೊಸದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಡಿ. ಹಳೆಯ ಇತಿಹಾಸ ಶುಚಿಮಾಡುವ ಕೆಲಸ ನಾಳೆಗಾದರೂ ಆದೀತು, ಬದಲಿಸುವ ಕೆಲಸ ಇವತ್ತೇ ಆಗಬೇಕು.