16 ಇಂಚಿನ ಹಲಸಿನ ಬಟ್ಟಲಿಗೆ ಚಕ್ ಹುಡುಕಿದ್ದು

ಹಸಿ ಹಲಸಿನ ದಿಮ್ಮಿಯನ್ನು ಚಕ್ಕಿನಲ್ಲೇ (ಲೇತ್ ಎಂಬ ಕಡೆಯುವ ಯಂತ್ರದಲ್ಲಿ ಮರವನ್ನು ದವಡೆಗಳಿಂದ ಕಚ್ಚಿ ಹಿಡಿಯುವ ಸಾಧನ) ಹಿಡಿದು 16 ಇಂಚಿನ ಬಟ್ಟಲು ಕಡೆಯುತ್ತೇನೆ ಎಂದಾಗ ಶಿರಸಿಯಲ್ಲಿ ನಮ್ಮ ಕಸುಬಿನವರು ಯಾರೂ ಒಪ್ಪಲಿಲ್ಲ. ‘ತಮಾ, ಇದು ಅಪ್ಪ (ಆಗುವ) ಕೆಲಸ ಅಲ್ಲ. ಫೇಸ್‌ಪ್ಲೇಟಿಗೆ ಸ್ಕ್ರೂ ಹೊಡಿ’ ಎಂದರು ನನಗೆ ಉಳಿ ಹಿಡಿಯಲು ಕಲಿಸಿದ ಅಣ್ಣ. ಫೇಸ್‌ಪ್ಲೇಟ್ ಎಂದರೆ ಮರವನ್ನು ಸ್ಕ್ರೂ ಹೊಡೆದು ಕೂರಿಸುವ ಲೋಹದ ತಟ್ಟೆ. ಈ ಮಳೆಗಾಲದಲ್ಲಿ ಚಕ್ಕಿನಲ್ಲೇ ಹಿಡಿದು ಅಂಥ ಬಟ್ಟಲು ಒಂಬತ್ತು ಮಾಡಿದ್ದೇನೆ. ಒಂದೂ ಕಿತ್ತು ಹಾರಿಲ್ಲ.

ಆದರೆ ಅದಕ್ಕೆ ಮುಂಚೆ ದುಡ್ಡು ಹೋದದ್ದು ಬಹಳ. ಲೇತ್ ದೊಡ್ಡದು, ಚಕ್ಕೂ ದೊಡ್ಡದಿರಲಿ ಎಂದು ಹುಬ್ಬಳ್ಳಿಯಿಂದ ಕಬ್ಬಿಣ ಕಡೆಯುವವರ 8 ಇಂಚಿನ ಹಳೇ ಚಕ್ ತಂದೆ. ಏಳೆಂಟು ಸಾವಿರ ಆಯಿತು. ನನ್ನ ಲೇತಿನ ಸ್ಪಿಂಡಲ್ (ಚಕ್ ಕೂರಿಸಿ ತಿರುಗಿಸುವ ದಂಡ) 33 ಮಿ.ಮೀ., ತಿರುಪಿನ ಎಳೆಗಳ ಅಂತರ (ಪಿಚ್) 3.5 ಮಿ.ಮೀ., ಅದಕ್ಕೆ ಹೊಂದುವ ಪ್ಲೇಟ್ ಮಾಡಿಸಲು ಮತ್ತೆ ಮೂರು ಸಾವಿರ. ತೂಕ ಹದಿನೈದು ಕಿಲೋ ಮೇಲೆ. ಅರ್ಧ ಗಂಟೆಗೆ ಬೇರಿಂಗ್ ಬಿಸಿಯಾಗುತ್ತಿತ್ತು. ಹೊರಗೆ ಚಾಚಿದ ದವಡೆ ಒಂದು ದಿನ ಬೆರಳ ಗಂಟಿಗೆ ಬಡಿದು ಎರಡು ವಾರ ಉಳಿ ಮುಟ್ಟಲಾಗಲಿಲ್ಲ. ಅದರ ಕಿರಿದಾದ ದವಡೆ ಹಸಿ ಮರದೊಳಗೆ ಹೂತುಹೋಗುತ್ತದೆ, ಹಿಡಿತ ನಿಲ್ಲುವುದಿಲ್ಲ. ಐದು ಸಾವಿರಕ್ಕೆ ಕೊಟ್ಟೆ.

ಆಮೇಲೆ ಮರಕ್ಕೆಂದೇ ಮಾಡಿದ 4 ಇಂಚಿನ ಸ್ಕ್ರೋಲ್ ಚಕ್ (ಎಲ್ಲ ದವಡೆಗಳೂ ಒಟ್ಟಿಗೆ ಸರಿಯುವಂಥದ್ದು) ತರಿಸಿದೆ. ಇನ್ಸರ್ಟ್ (ಸ್ಪಿಂಡಲ್ಲಿಗೆ ಹೊಂದಿಸುವ ಒಳತುಂಡು) ಸೇರಿ ಸುಮಾರು 18 ಸಾವಿರ. ಜೊತೆಗೆ ಬಂದ 50 ಮಿ.ಮೀ. ದವಡೆಯನ್ನೇ ಪೂರ್ತಿ ತೆರೆದು ದಪ್ಪ ಟೆನನ್ (ಹಿಡಿತಕ್ಕೆಂದು ದಿಮ್ಮಿಯ ತಳದಲ್ಲಿ ಬಿಡುವ ಗುಂಡನೆಯ ಚಾಚು) ಹಿಡಿದೆ. ನಾಲ್ಕು ದವಡೆಗಳ ಎಂಟು ಮೂಲೆಗಳಷ್ಟೇ ಕಚ್ಚಿದ್ದವು. ದಿಮ್ಮಿ ಕಿತ್ತು ಬಂದು ಕಿಟಕಿ ಗಾಜು ಹೋಯಿತು. ಚಕ್ಕಿನ ಗಾತ್ರ ನೋಡುತ್ತ ಕುಳಿತದ್ದೇ ತಪ್ಪು, ನೋಡಬೇಕಿದ್ದದ್ದು ದವಡೆ. ಮತ್ತೆ ನಾಲ್ಕೂವರೆ ಸಾವಿರ ಕೊಟ್ಟು 100 ಮಿ.ಮೀ. ದವಡೆ ತರಿಸಿದೆ.

ಈಗ ಟೆನನ್ನನ್ನು ದವಡೆ ಮುಚ್ಚಿದಾಗ ಆಗುವ ವೃತ್ತಕ್ಕಿಂತ ನಾಲ್ಕೈದು ಮಿ.ಮೀ. ದೊಡ್ಡದಿಡುತ್ತೇನೆ. ಆಗ ಸುತ್ತಲೂ ಒಂದೇ ಸಮ ಹಿಡಿಯುತ್ತದೆ. ಟೆನನ್ನಿನ ತುದಿ ಚಕ್ಕಿನ ತಳ ಮುಟ್ಟಬಾರದು, ಅದರ ಬುಡದ ಸುತ್ತಲಿನ ಅಂಚು (ಹೆಗಲು) ದವಡೆಯ ಮೇಲೆ ಚಪ್ಪಟೆಯಾಗಿ ಕೂರಬೇಕು. ಹಸಿ ಮರ ಒತ್ತಿ ಕೂರುತ್ತದೆ, ಹತ್ತು ನಿಮಿಷ ಕಡೆದು ಮತ್ತೊಮ್ಮೆ ಬಿಗಿ ಮಾಡಲೇಬೇಕು. ವೇಗ ನಿಮಿಷಕ್ಕೆ 400 ಸುತ್ತಿನ ಆಸುಪಾಸು. ಒಳಗಿನ ಮರ ಅರ್ಧ ತೆಗೆಯುವವರೆಗೂ ಟೇಲ್‌ಸ್ಟಾಕ್ (ಎದುರು ತುದಿಯಿಂದ ಮರವನ್ನು ಒತ್ತಿ ಹಿಡಿಯುವ ಭಾಗ) ಬಿಡುವುದಿಲ್ಲ. ಒರಟು ಕಡೆದ ಬಟ್ಟಲು ಒಣಗುವಾಗ ಟೆನನ್ ಮೊಟ್ಟೆಯಾಕಾರಕ್ಕೆ ತಿರುಗದಂತೆ ನಾನೊಂದು ಉಪಾಯ ಮಾಡುತ್ತೇನೆ. ಅದು ಸದ್ಯ ನನ್ನ ಬಳಿಯೇ ಇರಲಿ.

ನಡುವೆ ತೆಂಗಿನ ಕಾಂಡವನ್ನೂ ಹಾಕಿ ನೋಡಿದೆ. ಹೊರಗೆ ಕಬ್ಬಿಣದಂಥ ನಾರು, ನಡುವೆ ಬರೀ ಮೆದು. ಟೆನನ್ ಪುಡಿಯಾಯಿತು. ಗಟ್ಟಿ ಮರದ ತುಂಡನ್ನು ತಳಕ್ಕೆ ಅಂಟಿಸಿ ಅದನ್ನು ಹಿಡಿದರೆ ಸಣ್ಣ ಬಟ್ಟಲಾಗುತ್ತದೆ. ಒಮ್ಮೆ ಟೆನನ್ ಬದಲು ತಳದಲ್ಲಿ ಕುಳಿ ತೆಗೆದು ಅದರೊಳಗೆ ದವಡೆಯನ್ನು ಹೊರಕ್ಕೆ ಅಗಲಿಸಿದ್ದಕ್ಕೆ ಒಳ್ಳೆಯ ಹಲಸೊಂದು ಸೀಳಿತು, ಮತ್ತೆ ಆ ಕೆಲಸಕ್ಕೆ ಹೋಗಿಲ್ಲ.

ಹಲಸಿನ ಮೇಣ, ನಮ್ಮ ಮಳೆಯ ತೇವ ಸೇರಿದರೆ ಸ್ಕ್ರೋಲ್ (ದವಡೆ ಸರಿಸುವ ಸುರುಳಿ) ಜಾಮ್ ಆಗುತ್ತದೆ. ಹದಿನೈದು ದಿನಕ್ಕೊಮ್ಮೆ ದವಡೆ ಬಿಚ್ಚಿ ಸೀಮೆಎಣ್ಣೆ ಬ್ರಷ್ಷಿನಲ್ಲಿ ತಿಕ್ಕಿ ಒಣಗಿಸುತ್ತೇನೆ. ಗ್ರೀಸ್ ಹಾಕುವುದಿಲ್ಲ, ಮರದ ಪುಡಿ ಅಲ್ಲೇ ಅಂಟುತ್ತದೆ.