ಮಕ್ಕಳ ಹತ್ತಿರ ಟೊರೊಂಟೋಗೆ ಹೊರಟ ಕರಾವಳಿಯ ಹಿರಿಯರಿಗೆ

ಕಾಗದಪತ್ರದ ಮಾತು ಬೇಗ ಮುಗಿಸೋಣ. ಕೆನಡಾದಲ್ಲಿ ನೆಲೆಸಿದವರ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಿಗೆ ಕೊಡುವ ಸೂಪರ್ ವೀಸಾದಲ್ಲಿ ಒಮ್ಮೆ ಬಂದರೆ 5 ವರ್ಷದವರೆಗೆ ಇರಬಹುದು. ಮಕ್ಕಳ ಆಮಂತ್ರಣ ಪತ್ರ, ಅವರ ಆದಾಯದ ದಾಖಲೆ, ನಿಮ್ಮ ಮೆಡಿಕಲ್, ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ಒಂದು ವರ್ಷದ ಆರೋಗ್ಯ ವಿಮೆ ಬೇಕು. ಇದನ್ನೆಲ್ಲ ಮಕ್ಕಳು ನೋಡಿಕೊಳ್ಳುತ್ತಾರೆ. ನಮ್ಮವರು ಎಡವುವುದು ಬೇರೆ ಕಡೆ.

ಮೊದಲನೆಯದು ವಿಮೆಯ ಒಳಗುಟ್ಟು. ಈ ವೀಸಾದವರಿಗೆ ಟೊರೊಂಟೋ ಇರುವ ಒಂಟಾರಿಯೋ ಪ್ರಾಂತ್ಯದ ಸರ್ಕಾರಿ ಆರೋಗ್ಯ ಸೌಲಭ್ಯ ಸಿಗುವುದಿಲ್ಲ. ಬಿಪಿ, ಶುಗರ್ ಇದ್ದವರಿಗೆ ಸಿಗುವ ಪಾಲಿಸಿಗಳು, ಕಾಯಿಲೆ ಸಾಮಾನ್ಯವಾಗಿ 90 ಅಥವಾ 180 ದಿನ ಏರುಪೇರಿಲ್ಲದೆ ಇರಬೇಕು ಎನ್ನುತ್ತವೆ. ನಮ್ಮವರೋ, ವಿಮಾನ ಹತ್ತುವ ಹಿಂದಿನ ವಾರ ಮಣಿಪಾಲಕ್ಕೋ ಕಂಕನಾಡಿಗೋ ಹೋಗಿ "ಒಮ್ಮೆ ಎಲ್ಲ ಚೆಕ್ ಮಾಡಿಬಿಡಿ ಡಾಕ್ಟ್ರೇ" ಅನ್ನುತ್ತಾರೆ. ಡಾಕ್ಟರು ಬಿಪಿಯ ಮದ್ದು ಟೆಲ್ಮಿಸಾರ್ಟಾನನ್ನು 40ರಿಂದ 80ಕ್ಕೆ ಏರಿಸಿದರೆ ದಿನದ ಎಣಿಕೆ ಮತ್ತೆ ಒಂದರಿಂದ. ತಪಾಸಣೆ ಏಳೆಂಟು ತಿಂಗಳ ಮೊದಲೇ ಆಗಲಿ. ಆಮೇಲೆ ಡೋಸ್ ಬದಲಾದರೆ ಮುಚ್ಚಿಡದೆ ವಿಮೆಯವರಿಗೆ ತಿಳಿಸಿ. ಮದ್ದಿನ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆಗೆ ಮೂಲ ಔಷಧದ ಹೆಸರೂ ಇರಲಿ. ಶುಗರಿನ ಮಾತ್ರೆಗೆ "ಗ್ಲೈಕೋಮೆಟ್" ಅಂದರೆ ಅಲ್ಲಿನ ಫಾರ್ಮಸಿಯವರು ಮುಖ ನೋಡುತ್ತಾರೆ, "ಮೆಟ್‌ಫಾರ್ಮಿನ್" ಅಂದರೆ ತಕ್ಷಣ ಗೊತ್ತಾಗುತ್ತದೆ.

ಊರಿನ ಸಿಮ್ ಸಾಯಲು ಬಿಡಬೇಡಿ. ಬ್ಯಾಂಕ್, ಆಧಾರ್, ಪಿಂಚಣಿ ಎಲ್ಲದರ ಒಟಿಪಿ ಅದಕ್ಕೇ ಬರುವುದು. ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ದೀರ್ಘ ಅವಧಿಯ ರೀಚಾರ್ಜ್ ಮಾಡಿ; 90 ದಿನ ಬಳಕೆಯಿಲ್ಲದಿದ್ದರೆ ನಂಬರ್ ಕೈಬಿಟ್ಟು ಹೋಗಬಹುದು. ಪಿಂಚಣಿದಾರರು ಬದುಕಿದ್ದಾರೆಂದು ತೋರಿಸುವ ನವೆಂಬರಿನ ಜೀವನ ಪ್ರಮಾಣ ಪತ್ರವನ್ನು ಮುಖ ತೋರಿಸಿ ಮೊಬೈಲಿನಲ್ಲೇ ಕೊಡಬಹುದು. ಅದನ್ನು ಊರಿನಲ್ಲಿರುವಾಗಲೇ ಕಲಿತುಕೊಳ್ಳಿ. ಕನ್ನಡಕ ತೆಗೆದು, ಬೆಳಕಿಗೆ ಎದುರಾಗಿ ಕುಳಿತರೆ ಬೇಗ ಆಗುತ್ತದೆ.

ಇನ್ನು ತೋಟ. ಬಾಯಿಮಾತಿನ ಗೇಣಿಗೆ ಕೊಡಬೇಡಿ. ಗೇಣಿದಾರರಿಗೇ ಭೂಮಿ ಹೋದ 1974ರ ಭೂ ಸುಧಾರಣೆ ಕಂಡ ಜಿಲ್ಲೆಯವರಿಗೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ನಂಬಿಕೆಯ ಒಬ್ಬರಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಖ್ತ್ಯಾರ್ ನಾಮೆ (ಪವರ್ ಆಫ್ ಅಟಾರ್ನಿ) ನೋಂದಾಯಿಸಿ ಹೋಗಿ. ಮೆಸ್ಕಾಂ ಕರೆಂಟ್ ಬಿಲ್ಲು, ಮನೆ ತೆರಿಗೆ, ಅಡಿಕೆ ಮಾರಾಟ ಎಂದು ಒಂದೊಂದನ್ನೇ ಬರೆಸಿ; ಜಾಗ ಮಾರುವ ಅಧಿಕಾರ ಅದರಲ್ಲಿ ಬೇಡ. ಮಳೆಗೆ ಮೊದಲು ಅಡಿಕೆಯ ಕೊಳೆರೋಗದ ಮದ್ದು ಬಿಡಿಸಿಯೇ ಹೊರಡಿ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಿರುಗಾಮುರುಗಾ ಆದರೆ ಮದ್ದು ಕೆಡುತ್ತದೆ. 40–45 ದಿನದ ಮೇಲೆ ಬರುವ ಎರಡನೇ ಸರದಿಗೆ ಮರ ಹತ್ತುವವರನ್ನು ಈಗಲೇ ಗೊತ್ತುಮಾಡಿ. "ನೋಡುವ ಅಣ್ಣಾ" ಎಂದವರು ಆಟಿ ತಿಂಗಳ ಜಡಿಮಳೆಯಲ್ಲಿ ಫೋನ್ ಎತ್ತುವುದಿಲ್ಲ.

ಹೀಗೆ ಜೂನ್‌ನಲ್ಲಿ ಹೊರಟರೆ ಇನ್ನೊಂದು ಲಾಭವಿದೆ. ಜುಲೈ, ಆಗಸ್ಟ್ ಅಲ್ಲಿ ಶಾಲೆಗೆ ರಜೆ, ಮೊಮ್ಮಕ್ಕಳು ಇಡೀ ದಿನ ನಿಮ್ಮವರು. ನಿಜವಾದ ಪರೀಕ್ಷೆ ಸೆಪ್ಟೆಂಬರಿನಲ್ಲಿ ಶುರು. ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಸಂಜೆವರೆಗೆ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಂಗಳವಿಲ್ಲ, ಮೀನಿನವನ ಹಾರ್ನ್ ಇಲ್ಲ, ಬೇಲಿಯಾಚೆಯಿಂದ "ಊಟ ಆಯ್ತಾ" ಎನ್ನುವವರಿಲ್ಲ. ಅಷ್ಟರೊಳಗೆ ಒಬ್ಬರೇ ಬಸ್ ಹತ್ತಿ ಲೈಬ್ರರಿಗೆ ಹೋಗಿ ಬರುವಷ್ಟು ಆಗಿರಬೇಕು. ಮಗಳ ಕಾರನ್ನೇ ಕಾದು ಕುಳಿತವರು ಡಿಸೆಂಬರಿಗೆ ಮಂಕಾಗುತ್ತಾರೆ, ಸಂಜೆ ಐದಕ್ಕೆಲ್ಲ ಕತ್ತಲು ಬೇರೆ. 65 ದಾಟಿದವರು ಬಸ್-ರೈಲಿನ ಪ್ರೆಸ್ಟೋ ಕಾರ್ಡಿಗೆ ಹಿರಿಯರ ರಿಯಾಯಿತಿ ಹಾಕಿಸಿಕೊಳ್ಳಿ.

ಮೊಮ್ಮಕ್ಕಳು ತುಳುವಿಗೋ ಕನ್ನಡಕ್ಕೋ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಕೊಡಲಿ, ನೀವು ಬದಲಾಯಿಸಬೇಡಿ. ನೀರುದೋಸೆ ಹೊಯ್ಯುವಾಗ ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಪಾಠಕ್ಕಿಂತ ಹೆಚ್ಚು ಮಾತು ಬಾಯಿಗೆ ಬರುತ್ತದೆ. ನಾಗಬನದಲ್ಲಿ ಕುಟುಂಬದವರು ಸಲ್ಲಿಸುವ ತಂಬಿಲ ಸೇವೆಗೆ ಮಾತ್ರ ವಿಡಿಯೋ ಕಾಲ್ ಸಾಕಾಗುವುದಿಲ್ಲ. ಆ ಹೊಣೆ ಕುಟುಂಬದಲ್ಲಿ ಯಾರದೆಂದು ಮೊದಲೇ ಮಾತಾಡಿಕೊಳ್ಳಿ.

ಒಂದು ಪೂರ್ತಿ ಚಳಿಗಾಲ ಕಳೆಯುವವರೆಗೆ ಊರಿನ ಮನೆಯನ್ನು ಮಾರಬೇಡಿ, ದಲ್ಲಾಳಿ ಎಷ್ಟೇ ಆಸೆ ತೋರಿಸಲಿ. ಮುಂದಿನ ಮೇ ಮೊದಲ ವಾರಕ್ಕೆ ವಾಪಸ್ ಟಿಕೆಟ್ ಇರಲಿ. ಮಾಡಿನ ಹಂಚು ತಿರುಗಿಸಿ, ಗೆದ್ದಲು ನೋಡಿ, ಮದ್ದು ಬಿಡಿಸಲು ಅಷ್ಟು ದಿನ ಬೇಕೇ ಬೇಕು.