ದನಿಯಲ್ಲಿ ಕಟ್ಟಿದ ಲೋಕವನ್ನು ನಾನು ಕೇಳುವ ಬಗೆ

ಹದಿಹರೆಯದವರಿಗಾಗಿ ಬರೆದ ಫ್ಯಾಂಟಸಿ ಕಾದಂಬರಿಗಳನ್ನು ನಾನು ಈಗ ಹೆಚ್ಚಾಗಿ ಕೇಳಿಯೇ ಮುಗಿಸುತ್ತೇನೆ. ಶಿವಮೊಗ್ಗದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ತವರು ಮನೆ ಇರುವುದು ತೀರ್ಥಹಳ್ಳಿ ಕಡೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಹೋಗುವ ಬಸ್ಸಿನಲ್ಲಿ ಪುಸ್ತಕ ಬಿಡಿಸಿದರೆ ತಿರುವುಗಳಿಗೆ ತಲೆ ಸುತ್ತುತ್ತದೆ. ಕೊಯ್ಲಿನ ದಿನಗಳಲ್ಲಿ ಮನೆ ಸೇರಿದರೆ ರಾತ್ರಿ ಎಲ್ಲರೂ ಅಡಿಕೆ ಸುಲಿಯಲು ಕೂರುತ್ತಾರೆ. ಆಗ ಕೈಗೂ ಕಣ್ಣಿಗೂ ಕೆಲಸವಿದ್ದು ಕಿವಿಯೊಂದಕ್ಕೆ ಬಿಡುವು. ಹೀಗೆ ಶುರುವಾದ ಅಭ್ಯಾಸ ಬೆಳೆದು, ಯಾವ ಆಡಿಯೋಪುಸ್ತಕ ಕೇಳಬಹುದು ಎಂದು ವಿದ್ಯಾರ್ಥಿಗಳು ಬಂದು ವಿಚಾರಿಸುವವರೆಗೆ ಬಂದಿದೆ. ಅವರಿಗೆ ಉತ್ತರ ಹೇಳುವಾಗ ನಾನು ಕಥೆಯಷ್ಟೇ ಗಂಭೀರವಾಗಿ ಓದಿದವರ ದನಿಯನ್ನೂ ತೂಗುತ್ತೇನೆ. ಒಳ್ಳೆಯ ಕಾದಂಬರಿಯನ್ನು ಕೆಟ್ಟ ವಾಚನ ಕೊಂದುಹಾಕುವುದನ್ನು ಕೇಳಿದ್ದೇನೆ. ಸಾಧಾರಣ ಕಥೆಯೊಂದು ಓದುವವರ ಬಲದಿಂದ ಎದ್ದು ನಿಂತದ್ದನ್ನೂ ಕೇಳಿದ್ದೇನೆ.

ಈ ಬಗೆಯ ಪುಸ್ತಕಗಳ ಮಾತು ಬಂದಾಗ ಜನ ಮೊದಲು ಹೇಳುವುದು ಎಷ್ಟು ದನಿ ತೆಗೆದರು ಎಂಬ ಲೆಕ್ಕವನ್ನು. ಹ್ಯಾರಿ ಪಾಟರ್ ಸರಣಿಯ ಅಮೆರಿಕದ ಆವೃತ್ತಿಯನ್ನು ಓದಿದ ಜಿಮ್ ಡೇಲ್, ಐದನೆಯ ಪುಸ್ತಕದಲ್ಲಿ 134 ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟು ಗಿನ್ನೆಸ್ ದಾಖಲೆಗೆ ಸೇರಿದರು. ಅದು ಸಣ್ಣ ಸಾಧನೆಯಲ್ಲ. ಆದರೆ ಅದೇ ಸರಣಿಯನ್ನು ಬ್ರಿಟನ್ನಿನ ಆವೃತ್ತಿಗೆ ಸ್ಟೀಫನ್ ಫ್ರೈ ಓದಿದ್ದಾರೆ. ಇಬ್ಬರ ಓದಿನಲ್ಲೂ ಒಂದೇ ಅಧ್ಯಾಯವನ್ನು ಬೆನ್ನು ಬೆನ್ನಿಗೆ ಕೇಳಿದರೆ ವಾಚನ ಎಂದರೇನು ಎಂಬುದು ತಾನಾಗಿ ತಿಳಿಯುತ್ತದೆ. ಡೇಲ್ ಅವರಲ್ಲಿ ಪ್ರತಿ ಪಾತ್ರವೂ ರಂಗಕ್ಕೆ ಬಂದು ನಿಲ್ಲುತ್ತದೆ. ಫ್ರೈ ಅವರಲ್ಲಿ ಕಥೆ ಹೇಳುವವನೊಬ್ಬ ಮಧ್ಯದಲ್ಲಿ ಕುಳಿತಿದ್ದಾನೆ, ಪಾತ್ರಗಳು ಅವನ ಮಾತಿನೊಳಗಿಂದ ಇಣುಕಿ ಹೋಗುತ್ತವೆ. ನನ್ನ ಒಲವು ಎರಡನೆಯದರ ಕಡೆಗೆ. ಫ್ಯಾಂಟಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಂಭಾಷಣೆಯಲ್ಲ. ಕಾಡು, ಕೋಟೆ, ಮಂತ್ರದ ನಿಯಮ, ಹಳೆಯ ಯುದ್ಧದ ಕಥೆ ಇವೇ ಅಲ್ಲಿ ತುಂಬಿರುತ್ತವೆ. ಅವನ್ನು ನಂಬಿಸಬೇಕಾದದ್ದು ನಿರೂಪಕನ ದನಿ.

ನನ್ನ ಕಿವಿ ಹೀಗೆ ತಯಾರಾದದ್ದು ಇಂಗ್ಲಿಷಿನಿಂದಲ್ಲ. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದಲ್ಲಿ, ಗಮಕದ ಊರಾದ ಹೊಸಹಳ್ಳಿ ಇದೆ. ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಗಮಕಿ ಷಟ್ಪದಿಯನ್ನು ಹಾಡುತ್ತಾರೆ, ಆದರೆ ರಾಗ ಮೆರೆಸಲು ಹಾಡುವುದಿಲ್ಲ. ಪದಗಳನ್ನು ಅರ್ಥಕ್ಕೆ ತಕ್ಕಂತೆ ಬಿಡಿಸುತ್ತಾರೆ, ಭಾವ ಬದಲಾದಾಗ ರಾಗ ಬದಲಿಸುತ್ತಾರೆ, ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಲ್ಲುತ್ತಾರೆ. ತಪ್ಪಾದ ಕಡೆ ಉಸಿರು ತೆಗೆದರೆ ಕುಮಾರವ್ಯಾಸನ ಪದ್ಯದ ಅರ್ಥವೇ ಕೆಡುತ್ತದೆ. ಇದನ್ನು ಚಿಕ್ಕಂದಿನಿಂದ ಕೇಳಿದವರಿಗೆ ಆಡಿಯೋಪುಸ್ತಕದ ಓದುಗ ವಾಕ್ಯದ ಕೊನೆಯನ್ನು ಮುಂಚೆಯೇ ಕಂಡು ಓದುತ್ತಿದ್ದಾನೋ ಅಥವಾ ಪದದಿಂದ ಪದಕ್ಕೆ ತಡವರಿಸುತ್ತ ಹೋಗುತ್ತಿದ್ದಾನೋ ಎಂಬುದು ಕೂಡಲೇ ಗೊತ್ತಾಗುತ್ತದೆ.

ಇನ್ನೊಂದು ಪಾಠ ತಾಳಮದ್ದಲೆಯದು. ಮಳೆಗಾಲದಲ್ಲಿ ಬಯಲಾಟ ನಿಂತಾಗ ಮಲೆನಾಡಿನ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತನಾಡುತ್ತಾರೆ. ಕೃಷ್ಣನೂ ಕರ್ಣನೂ ಇಬ್ಬರು ಸಾಮಾನ್ಯ ಗಂಡಸರ ಗಂಟಲಿನಲ್ಲೇ ಬರುತ್ತಾರೆ. ಆದರೂ ಯಾರ ಮಾತು ಯಾರದೆಂದು ಗೊಂದಲವಾಗುವುದಿಲ್ಲ, ಏಕೆಂದರೆ ಬೇರೆಯಾಗುವುದು ಅವರ ವಾದದ ರೀತಿ. ಒಬ್ಬ ಪ್ರಶ್ನೆಯಿಂದ ಸುತ್ತುತ್ತಾನೆ, ಇನ್ನೊಬ್ಬ ನೋವನ್ನು ಮರ್ಯಾದೆಯ ಹಿಂದೆ ಇಟ್ಟು ಮಾತನಾಡುತ್ತಾನೆ. ಇಂಗ್ಲಿಷ್ ಫ್ಯಾಂಟಸಿ ಕೇಳುವಾಗ ನಾನು ಹುಡುಕುವುದು ಇದನ್ನೇ. ರಾಕ್ಷಸನಿಗೆ ಗೊಗ್ಗರು ದನಿ, ಯಕ್ಷಿಣಿಗೆ ಕೀರಲು ದನಿ ಕೊಡುವುದು ಕಷ್ಟವಲ್ಲ. ರಾಕ್ಷಸ ಯೋಚಿಸುವುದು ನನಗೆ ಕೇಳಿಸಬೇಕು.

ಹಾಗೆ ಕೇಳಿಸಿದ ಓದು ಎಂದರೆ ನನಗೆ ಮೊದಲು ನೆನಪಾಗುವುದು ಆಸ್ಟ್ರೇಲಿಯಾದ ಗಾರ್ಥ್ ನಿಕ್ಸ್ 1995ರಲ್ಲಿ ಪ್ರಕಟಿಸಿದ ‘ಸಬ್ರಿಯೆಲ್’. ಓದಿದವರು ನಟ ಟಿಮ್ ಕರಿ. ಸತ್ತವರನ್ನು ಗಂಟೆಗಳ ನಾದದಿಂದ ಹತೋಟಿಯಲ್ಲಿಡುವ ಹುಡುಗಿಯ ಕಥೆ ಅದು. ಒಟ್ಟು ಏಳು ಗಂಟೆಗಳು, ಒಂದೊಂದಕ್ಕೂ ಒಂದು ಹೆಸರು, ಒಂದು ಗುಣ. ರಾನ್ನಾ ನಿದ್ದೆ ತರಿಸುತ್ತದೆ. ಕೊನೆಯ ಅಸ್ತರಾಯೆಲ್ ಬಾರಿಸಿದರೆ ಕೇಳಿದವರೆಲ್ಲರೂ, ಬಾರಿಸಿದವಳೂ, ಸಾವಿನೊಳಗೆ ಹೋಗಬೇಕಾಗುತ್ತದೆ. ಗಂಟೆಯ ಸದ್ದನ್ನು ಬರೀ ಮಾತಿನಲ್ಲಿ ಕೇಳಿಸುವ ಹೊಣೆ ಓದುವವರ ಮೇಲಿದೆ, ಆ ಹೆಸರುಗಳನ್ನು ಯಾವ ಭಾರದಲ್ಲಿ ಉಚ್ಚರಿಸುತ್ತಾರೆ ಎಂಬುದರ ಮೇಲೆ ಭಯ ನಿಂತಿದೆ. ಬೆಕ್ಕಿನ ರೂಪದಲ್ಲಿ ಕಟ್ಟುಬಿದ್ದಿರುವ ಮಾಗೆಟ್ ಎಂಬ ಪ್ರಾಣಿ ಅಲ್ಲಿದೆ. ಕರಿ ಅದರ ಮಾತಿಗೆ ಬೇಸರ, ಜಾಣತನ, ಅಡಗಿದ ದ್ವೇಷ ಮೂರನ್ನೂ ಒಟ್ಟಿಗೆ ಹಚ್ಚುತ್ತಾರೆ. ಅದರ ಕೊರಳಪಟ್ಟಿ ಬಿಚ್ಚಿದರೆ ಏನಾದೀತು ಎಂಬ ಅಳುಕು ಲೇಖಕ ಹೇಳುವ ಮೊದಲೇ ಕೇಳುಗರಿಗೆ ಬಂದಿರುತ್ತದೆ.

ಉತ್ತಮ ಪುರುಷದಲ್ಲಿ ‘ನಾನು’ ಎಂದು ಹೇಳುವ ಕಾದಂಬರಿಗಳಿಗೆ ನನ್ನ ಅಳತೆ ಬೇರೆ. ಹದಿಹರೆಯದವರ ಪುಸ್ತಕಗಳಲ್ಲಿ ಇವೇ ಹೆಚ್ಚು. ಇಲ್ಲಿ ನಿರೂಪಣೆಯೇ ಪಾತ್ರದ ಮನಸ್ಸು, ಆದ್ದರಿಂದ ನೆಮ್ಮದಿಯ ನಿರೂಪಕ ದನಿಗೆ ಜಾಗವಿಲ್ಲ. ಹದಿನೇಳು ವರ್ಷದ ಹುಡುಗಿಯನ್ನು ಓದುವವರು ದನಿಯನ್ನು ಎತ್ತರಿಸಿ ಮಗುವಿನಂತೆ ಮಾಡಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಆ ವಯಸ್ಸಿನವರು ಹಾಗೆ ಮಾತನಾಡುವುದಿಲ್ಲ, ನಾನು ದಿನವೂ ಅವರ ನಡುವೆ ಇರುತ್ತೇನೆ. ಇನ್ನೊಂದು ರೋಗ, ಪ್ರತಿ ವಾಕ್ಯದಲ್ಲೂ ಗದ್ಗದ. ಹತ್ತನೆಯ ತರಗತಿಯಲ್ಲಿರುವ ನನ್ನ ಅಣ್ಣನ ಮಗಳು ಅಡಿಕೆ ಸುಲಿಯುತ್ತಲೇ ಒಮ್ಮೆ ಕೇಳಿದಳು: “ಅತ್ತೆ, ಇವಳು ಶುರುವಿನಿಂದ ಅಳುತ್ತಿರುವ ಹಾಗೆಯೇ ಓದುತ್ತಾಳಲ್ಲ, ನಿಜವಾಗಿ ಅಳಬೇಕಾದಾಗ ಏನು ಮಾಡುತ್ತಾಳೆ?” ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಬರೆಯಲಾರೆ. ಆ ಪುಸ್ತಕದಲ್ಲಿ ತಾಯಿ ಸಾಯುವ ಅಧ್ಯಾಯ ಬಂದಾಗ ಓದುವವರ ಬಳಿ ಖರ್ಚು ಮಾಡಲು ಏನೂ ಉಳಿದಿರಲಿಲ್ಲ.

ಇದಕ್ಕೆ ಎದುರಾಗಿ ನಾನು ಮಕ್ಕಳಿಗೆ ಕೇಳಿಸುವುದು ಟೋಮಿ ಅಡೆಯೆಮಿಯವರ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’. 2018ರ ಈ ಕಾದಂಬರಿಯನ್ನು ಓದಿದವರು ಬಾನಿ ಟರ್ಪಿನ್. ಮರುವರ್ಷ ಅಮೆರಿಕದ ಆಡಿ ಪ್ರಶಸ್ತಿಗಳಲ್ಲಿ ವರ್ಷದ ಆಡಿಯೋಪುಸ್ತಕ ಎಂಬ ಗೌರವ ಅದಕ್ಕೆ ಸಿಕ್ಕಿತು. ಜೇಲಿ, ಅಮಾರಿ, ಇನಾನ್ ಎಂಬ ಮೂವರು ಸರದಿಯಂತೆ ‘ನಾನು’ ಎಂದು ಕಥೆ ಹೇಳುತ್ತಾರೆ, ಮೂವರನ್ನೂ ಓದುವುದು ಒಬ್ಬರೇ. ಬೆಸ್ತರ ಊರಿನ ಹುಡುಗಿಯ ಸಿಟ್ಟು, ಅರಮನೆಯಲ್ಲಿ ಬೆಳೆದವಳ ಅಂಜಿಕೆ, ಅಪ್ಪನ ಮೆಚ್ಚುಗೆಗೆ ಹಾತೊರೆಯುವ ರಾಜಕುಮಾರನ ಬಿಗಿತ, ಇವು ಅಧ್ಯಾಯದ ಮೊದಲ ವಾಕ್ಯಗಳಲ್ಲೇ ಬೇರೆಯಾಗುತ್ತವೆ. ಮಂತ್ರಗಳು ಪಶ್ಚಿಮ ಆಫ್ರಿಕಾದ ಯೊರುಬಾ ಭಾಷೆಯಲ್ಲಿವೆ. ಸ್ವರದ ಏರಿಳಿತದ ಮೇಲೆ ಪದದ ಅರ್ಥ ನಿಂತಿರುವ ಭಾಷೆ ಅದು. ಮುದ್ರಿತ ಪುಟದಲ್ಲಿ ಆ ಸಾಲುಗಳ ಮೇಲೆ ಕಣ್ಣು ಜಾರಿಹೋಗುತ್ತದೆ, ಕಿವಿಗೆ ಬಂದಾಗ ಮಾತ್ರ ಅವು ಮಂತ್ರವಾಗುತ್ತವೆ.

ಹೆಸರುಗಳ ಬಗ್ಗೆ ಒಂದು ಮಾತು. ಫ್ಯಾಂಟಸಿಯ ಹೆಸರುಗಳು ಎಲ್ಲೂ ಇಲ್ಲದವು, ಇಂಗ್ಲಿಷ್ ಕಾಗುಣಿತ ನೋಡಿ ಅವನ್ನು ಊಹಿಸಲಾಗದು. ಶ್ರದ್ಧೆಯುಳ್ಳ ಓದುಗರು ಧ್ವನಿಮುದ್ರಣಕ್ಕೆ ಮೊದಲು ಉಚ್ಚಾರಣೆಯ ಪಟ್ಟಿ ಮಾಡಿಕೊಂಡು, ಸಾಧ್ಯವಿದ್ದರೆ ಲೇಖಕರನ್ನೇ ಕೇಳುತ್ತಾರೆ. ಸರಣಿಯ ನಡುವೆ ಓದುವವರು ಬದಲಾಗಿ, ಜೊತೆಗೆ ಊರಿನ ಹೆಸರೂ ಬದಲಾದರೆ ಆ ಲೋಕ ಕುಸಿಯುತ್ತದೆ. ನಮ್ಮ ಪುರಾಣಗಳಿಂದ ಹೆಸರು ತೆಗೆದುಕೊಂಡ ಇಂಗ್ಲಿಷ್ ಕಾದಂಬರಿಗಳಲ್ಲಿ ಮಹಾಪ್ರಾಣ, ಣಕಾರ, ಳಕಾರ ಎಲ್ಲವೂ ಮಾಯವಾಗಿರುವುದನ್ನು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೇಳುವ ಕ್ರಮ ಸರಳ. ತೀರ್ಮಾನ ಮಾಡಬೇಕಾದ ಪುಸ್ತಕವನ್ನು ಎಂದೂ ವೇಗ ಹೆಚ್ಚಿಸಿ ಕೇಳುವುದಿಲ್ಲ. ಇಂಗ್ಲಿಷ್ ಆಡಿಯೋಪುಸ್ತಕ ಸಾಮಾನ್ಯವಾಗಿ ನಿಮಿಷಕ್ಕೆ 150 ಪದಗಳ ಆಸುಪಾಸಿನಲ್ಲಿ ಸಾಗುತ್ತದೆ, ವೇಗ ಹೆಚ್ಚಿಸಿದರೆ ಮೊದಲು ಸಾಯುವುದು ಮೌನ. ಅಂಗಡಿಯವರು ಕೊಡುವ ಮಾದರಿ ತುಣುಕು ಬಹುಮಟ್ಟಿಗೆ ಆರಂಭದ ಪುಟಗಳದ್ದು, ಎಲ್ಲರೂ ಚೆನ್ನಾಗಿಯೇ ಓದುವ ಭಾಗ. ಆದ್ದರಿಂದ ನಡುವಿನ ಒಂದು ಅಧ್ಯಾಯ ಕೇಳುವವರೆಗೆ ಅಭಿಪ್ರಾಯ ಹೇಳುವುದಿಲ್ಲ. ಮೂರು ನಾಲ್ಕು ಜನ ಒಟ್ಟಿಗೆ ಮಾತನಾಡುವ ದೃಶ್ಯ, ಯುದ್ಧ, ಮತ್ತು ಏನೂ ನಡೆಯದ ಒಂದು ಪ್ರಯಾಣ, ಈ ಮೂರನ್ನು ಹುಡುಕಿ ಕೇಳುತ್ತೇನೆ. ಮೂರನೆಯದೇ ಕಠಿಣ ಪರೀಕ್ಷೆ. ಬಸ್ಸಿನಲ್ಲಿ ಕೇಳಿದ್ದನ್ನು ಆಧರಿಸಿ ಧ್ವನಿಮುದ್ರಣದ ಗುಣ ಅಳೆಯುವುದಿಲ್ಲ, ಅದಕ್ಕೆ ಮನೆಯ ನಿಶ್ಶಬ್ದ ಬೇಕು. ಒಂದು ಸಾಲಿನ ನಡುವೆ ದನಿಯ ಬಣ್ಣ ಥಟ್ಟನೆ ಬದಲಾದರೆ ಅದು ಬೇರೊಂದು ದಿನ ಓದಿ ಹಾಕಿದ ತೇಪೆ. ಆಡಿಯೋಪುಸ್ತಕ ಮಾರುವ ಆಡಿಬಲ್‌ಗೆ ಪುಸ್ತಕ ಒದಗಿಸುವ ಎಸಿಎಕ್ಸ್ ವೇದಿಕೆ ಹಿನ್ನೆಲೆಯ ಗದ್ದಲ ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕೆಂದು ನಿಯಮ ಮಾಡಿದೆ. ಅಷ್ಟು ಶುಚಿಯಾದ ಮೌನದಲ್ಲಿ ಉಸಿರು, ತುಟಿಯ ಸದ್ದು ಎಲ್ಲವೂ ಕೇಳಿಸುತ್ತವೆ. ಉಸಿರನ್ನು ಪೂರ್ತಿ ಕತ್ತರಿಸಿದ ಓದು ನನಗೆ ಒಗ್ಗುವುದಿಲ್ಲ. ಓಡಿ ಬಂದ ಹುಡುಗಿ ಏದುಸಿರು ಬಿಡಲೇಬೇಕು.

ಕನ್ನಡದಲ್ಲಿ ಆಡಿಯೋಪುಸ್ತಕಗಳು ಈಗ ಸಿಗುತ್ತಿವೆ, ಮೈಲ್ಯಾಂಗ್‌ನಂತಹ ನಮ್ಮದೇ ವೇದಿಕೆಯೂ ಇದೆ. ಹದಿಹರೆಯದವರ ಫ್ಯಾಂಟಸಿ ಅಲ್ಲಿ ಇನ್ನೂ ಬೆಳೆಯಬೇಕು. ಬೆಳೆಯುವಾಗ ಓದುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕೆಂಬುದು ನನ್ನ ಬಲವಾದ ಆಸೆ. ರಾಜಕುಮಾರನಿಗೆ ಪುಸ್ತಕದ ಕನ್ನಡ, ಆಳಿಗೂ ದಡ್ಡನಿಗೂ ಯಾವುದೋ ಜಿಲ್ಲೆಯ ಮಾತಿನ ಧಾಟಿ ಕೊಡುವುದು ಸುಲಭದ ದಾರಿ. ನಾಟಕ, ಸಿನಿಮಾಗಳಿಂದ ಬಂದ ಈ ಚಾಳಿಯನ್ನು ಕೇಳುವ ಮಗು ಅದೇ ಜಿಲ್ಲೆಯದಾಗಿರಬಹುದು. ತೀರ್ಥಹಳ್ಳಿಯ ಮಾತಿನ ಧಾಟಿಯಲ್ಲಿ ಒಬ್ಬ ಮಾಂತ್ರಿಕ, ಧಾರವಾಡದ ಧಾಟಿಯಲ್ಲಿ ಒಬ್ಬ ಸೇನಾಪತಿ ಯಾಕಿರಬಾರದು? ಈ ಮಳೆಗಾಲದ ರಜೆಯ ದಿನಗಳಲ್ಲಿ ಅಣ್ಣನ ಮಗಳೂ ಅವಳ ಗೆಳತಿಯರೂ ತಾವೇ ಬರೆದ ಒಂದು ಕಥೆಯನ್ನು ಮೊಬೈಲಿನಲ್ಲಿ ಓದಿ ಮುದ್ರಿಸುತ್ತಿದ್ದಾರೆ. ಅದರಲ್ಲಿ ಕಾಡಿನ ರಾಣಿ ನಮ್ಮ ಮನೆಯ ಮಾತನ್ನೇ ಆಡುತ್ತಾಳೆ. ಅವಳ ಸಿಟ್ಟಿನ ಮಾತು ಇನ್ನೂ ಸರಿಹೋಗಿಲ್ಲ ಎಂದು ಆ ಅಧ್ಯಾಯವನ್ನು ಮತ್ತೆ ಓದಲು ಹೇಳಿದ್ದೇನೆ.